ಯಾವ ಕೆಲಸಕ್ಕೆ ಯಾವ ಹವಾಮಾನ ಮುನ್ಸೂಚನೆ? ಕರ್ನಾಟಕದ ರೈತರಿಗೊಂದು ಹೋಲಿಕೆಯ ಮಾರ್ಗದರ್ಶಿ

ಒಂದು ತಲೆಮಾರಿನ ಹಿಂದೆ ಕರ್ನಾಟಕದ ರೈತರಿಗೆ ಹವಾಮಾನದ ಸುದ್ದಿ ಬರುತ್ತಿದ್ದ ದಾರಿಗಳು ಬೆರಳೆಣಿಕೆಯವು: ಆಕಾಶವಾಣಿಯ ಪ್ರದೇಶ ಸಮಾಚಾರದ ಕೊನೆಯ ಒಂದೆರಡು ವಾಕ್ಯಗಳು, ಮರುದಿನದ ಪತ್ರಿಕೆಯ ಮೂಲೆಯಲ್ಲಿನ ಮಳೆ ಪಟ್ಟಿ, ಮನೆಯ ಪಂಚಾಂಗ. ಇಂದು ಅದೇ ರೈತರ ಫೋನಿನಲ್ಲಿ ಭಾರತೀಯ ಹವಾಮಾನ ಇಲಾಖೆಯ ಆಪ್‌ಗಳಿವೆ, ರಾಜ್ಯ ಸರ್ಕಾರದ ಸಹಾಯವಾಣಿಯಿದೆ, ಕೃಷಿ ವಿಶ್ವವಿದ್ಯಾಲಯದ ಸಲಹಾ ಪತ್ರ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳುತ್ತದೆ, ಖಾಸಗಿ ಕಂಪನಿಗಳ ಬಣ್ಣಬಣ್ಣದ ನಕ್ಷೆಗಳಿವೆ. ತೊಂದರೆ ಏನೆಂದರೆ, ನಾಳೆ ಮಳೆ ಬರುತ್ತದೆಯೇ ಎಂಬ ಒಂದೇ ಪ್ರಶ್ನೆಗೆ ಇವು ಒಂದೊಂದು ಉತ್ತರ ಕೊಡುತ್ತವೆ. ಕೊಟ್ಟಾಗ ರೈತರು ತಮಗೆ ಹಿಡಿಸಿದ ಉತ್ತರವನ್ನು ನಂಬುತ್ತಾರೆ, ಇಲ್ಲವೇ ಎಲ್ಲವನ್ನೂ ಪಕ್ಕಕ್ಕಿಟ್ಟು ಮೋಡ ನೋಡುತ್ತಾರೆ.

ಯಾವ ಆಪ್ ಒಳ್ಳೆಯದು ಎಂದು ಕೇಳುವವರಿಗೆ ಯಾವ ಕೆಲಸಕ್ಕೆ ಎಂದು ಮರುಪ್ರಶ್ನೆ ಹಾಕದೆ ಉತ್ತರ ಹೇಳಲು ಬರುವುದಿಲ್ಲ. ಶೇಂಗಾ ಬಿತ್ತುವುದು, ಅಡಿಕೆಗೆ ಔಷಧ ಹೊಡೆಸುವುದು, ರಾಗಿ ಕೊಯ್ಯುವುದು, ನದಿ ದಂಡೆಯ ಪಂಪ್‌ಸೆಟ್ ಎತ್ತಿ ಮೇಲಿಡುವುದು, ಹೊಲದಿಂದ ಮನೆಗೆ ಓಡುವುದು, ಇವು ಐದು ಬೇರೆ ಬೇರೆ ನಿರ್ಧಾರಗಳು. ಒಂದಕ್ಕೆ ಮೂರು ವಾರ ಮುಂಚಿನ ಅಂದಾಜು ಬೇಕು, ಇನ್ನೊಂದಕ್ಕೆ ಅರ್ಧ ಗಂಟೆ ಮುಂಚಿನ ಎಚ್ಚರಿಕೆ ಸಾಕು. ಎಷ್ಟು ದಿನ ಮುಂಚೆ ತಿಳಿಯಬೇಕು, ಎಷ್ಟು ಜಾಗಕ್ಕೆ ಅನ್ವಯವಾಗಬೇಕು, ತಪ್ಪಾದರೆ ಎಷ್ಟು ನಷ್ಟ ಎಂಬ ಮೂರು ಅಳತೆಗಳನ್ನಿಟ್ಟುಕೊಂಡು ಇಲ್ಲಿ ಲಭ್ಯ ಮೂಲಗಳನ್ನು ಹೋಲಿಸಲಾಗಿದೆ.

ಅವಧಿ ಹೆಚ್ಚಿದಂತೆ ಮಾತು ಬದಲಾಗುತ್ತದೆ

ಹವಾಮಾನ ಇಲಾಖೆಯೊಂದೇ ಐದು ಬಗೆಯ ಮುನ್ಸೂಚನೆ ಕೊಡುತ್ತದೆ, ಮತ್ತು ಇವುಗಳನ್ನು ಒಂದಕ್ಕೊಂದು ಬೆರೆಸಿಕೊಳ್ಳುವುದರಿಂದಲೇ ಅರ್ಧದಷ್ಟು ದೂರುಗಳು ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ. ಮುಂದಿನ ಮೂರು ಗಂಟೆಯ ತತ್‌ಕ್ಷಣದ ಸೂಚನೆ ರೇಡಾರ್, ಉಪಗ್ರಹ ಹಾಗೂ ಸಿಡಿಲು ಪತ್ತೆ ಜಾಲ ಈಗ ಕಾಣುತ್ತಿರುವುದನ್ನು ಆಧರಿಸಿದ್ದು. ಮೋಡ ಎದ್ದ ಮೇಲೆ ಅದು ಎತ್ತ ಸಾಗುತ್ತದೆಂದು ಹೇಳುತ್ತದೆ. ಒಂದರಿಂದ ಮೂರು ದಿನದ್ದು ಇಂದಿನ ಸ್ಥಿತಿಯಲ್ಲಿ ಕೃಷಿಗೆ ಅತ್ಯಂತ ಭರವಸೆಯದು. ನಾಲ್ಕರಿಂದ ಏಳು ದಿನದ್ದು ವ್ಯವಸ್ಥೆಗಳನ್ನು, ಅಂದರೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ, ಅರಬ್ಬೀ ಸಮುದ್ರದ ಚಂಡಮಾರುತ, ಮುಂಗಾರಿನ ಬಲ, ಇಂಥವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಯಾವ ಹೋಬಳಿಗೆ ಎಷ್ಟು ಮಿಲಿಮೀಟರ್ ಎಂಬಲ್ಲಿ ಎಡವುತ್ತದೆ. ಗುರುವಾರಗಳಂದು ಪ್ರಕಟವಾಗುವ ವಿಸ್ತೃತ ಅವಧಿಯ ಮುನ್ಸೂಚನೆ ಮುಂದಿನ ನಾಲ್ಕು ವಾರಗಳಲ್ಲಿ ಪ್ರತಿ ವಾರ ವಾಡಿಕೆಗಿಂತ ಹೆಚ್ಚೋ ಕಡಿಮೆಯೋ ಎಂದಷ್ಟೇ ಹೇಳುತ್ತದೆ. ಏಪ್ರಿಲ್ ಮಧ್ಯದಲ್ಲಿ ಮತ್ತು ಮೇ ಕೊನೆಯಲ್ಲಿ ಬರುವ ಮುಂಗಾರು ಹಂಗಾಮಿನ ಮುನ್ಸೂಚನೆ ಇಡೀ ದೇಶದ ನಾಲ್ಕು ತಿಂಗಳ ಸರಾಸರಿಯ ಮಾತು.

ಈ ಕೊನೆಯದನ್ನು ಹೊಲದ ಮಟ್ಟಕ್ಕೆ ಇಳಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ 2023ಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು. ಆ ಏಪ್ರಿಲ್‌ನಲ್ಲಿ ಇಲಾಖೆ ದೇಶದ ಮಳೆ ದೀರ್ಘಾವಧಿ ಸರಾಸರಿಯ ಶೇ 96ರಷ್ಟು, ಶೇ 5ರಷ್ಟು ಹೆಚ್ಚುಕಡಿಮೆಯೊಂದಿಗೆ, ಎಂದು ಹೇಳಿತ್ತು. ಹಂಗಾಮು ಮುಗಿದಾಗ ದೇಶದ ಲೆಕ್ಕ ಶೇ 94ಕ್ಕೆ ಬಂದು ನಿಂತಿತು. ಲೆಕ್ಕಶಾಸ್ತ್ರದ ಪ್ರಕಾರ ಮುನ್ಸೂಚನೆ ತನ್ನ ಮಿತಿಯೊಳಗೇ ಇತ್ತು. ಆದರೆ ಆ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಗಿತ್ತು, ಮತ್ತು ಕರ್ನಾಟಕ ಸರ್ಕಾರ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಹಂಗಾಮಿನ ಮುನ್ಸೂಚನೆ ಜಲಾಶಯ ನಿರ್ವಹಿಸುವವರಿಗೆ, ಬೀಜ ದಾಸ್ತಾನು ಮಾಡುವ ಇಲಾಖೆಗೆ, ವಿಮಾ ಕಂಪನಿಗೆ ಉಪಯುಕ್ತ. ಪಾವಗಡದ ಎರಡೆಕರೆಯ ರೈತರು ಅದನ್ನು ಓದಿ ಬೆಳೆ ಆರಿಸಿಕೊಳ್ಳಬಾರದು.

ಮಾಹಿತಿ ಕೊಡುವವರು

ಸರ್ಕಾರಿ ಮೂಲಗಳಲ್ಲಿ ಎರಡು ಮುಖ್ಯ, ಮತ್ತು ಇವೆರಡರ ಬಲ ಬೇರೆ ಬೇರೆ. ಹವಾಮಾನ ಇಲಾಖೆ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂಬ ಮೂರು ಉಪವಿಭಾಗಗಳಾಗಿ ನೋಡುತ್ತದೆ. ಎಚ್ಚರಿಕೆಗಳು ಜಿಲ್ಲೆಯ ಮಟ್ಟದಲ್ಲಿ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಬರುತ್ತವೆ. ಅದರ ಪ್ರಕಟಣೆಗಳನ್ನು ಓದುವವರು ಎರಡು ಅಳತೆಗಳನ್ನು ನೆನಪಿಟ್ಟುಕೊಳ್ಳಬೇಕು. ಇಪ್ಪತ್ತನಾಲ್ಕು ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ. ಇನ್ನು ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗದಷ್ಟರಲ್ಲಿ ಮಾತ್ರ ಮಳೆ ನಿರೀಕ್ಷೆ. ‘ಬಹುತೇಕ ಕಡೆ’ ಎಂದರೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕೇಂದ್ರಗಳಲ್ಲಿ. ಮೊದಲನೆಯದನ್ನು ಓದಿ ಮಳೆ ಬರಲಿಲ್ಲವೆಂದು ಇಲಾಖೆಯನ್ನು ಬೈಯುವವರು, ನಾಲ್ಕರಲ್ಲಿ ಮೂರು ಊರಿಗೆ ಬರಲಾರದೆಂದು ಅದೇ ವಾಕ್ಯ ಹೇಳಿತ್ತೆಂಬುದನ್ನು ಗಮನಿಸಿರುವುದಿಲ್ಲ. ಹವಾಮಾನದ ‘ದಿನ’ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ ಎಂಬುದೂ ಹೀಗೆಯೇ ಗೊಂದಲಕ್ಕೆ ಕಾರಣ. ಸೋಮವಾರ ರಾತ್ರಿ ಸುರಿದ ಮಳೆ ಮಂಗಳವಾರದ ಪಟ್ಟಿಯಲ್ಲಿ ಕಾಣಿಸುತ್ತದೆ.

ಎರಡನೆಯದು ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಈ ಸಂಸ್ಥೆಯ ದೊಡ್ಡ ಆಸ್ತಿ ಅದರ ಮಳೆಮಾಪಕಗಳ ಜಾಲ: ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳು, ಹೋಬಳಿ ಮಟ್ಟದಲ್ಲಿ ಉಷ್ಣಾಂಶ, ಆರ್ದ್ರತೆ, ಗಾಳಿಯನ್ನೂ ಅಳೆಯುವ ಕೇಂದ್ರಗಳು, ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ರವಾನೆ. ನಿಮ್ಮ ಪಂಚಾಯಿತಿಯಲ್ಲಿ ನಿನ್ನೆ ಎಷ್ಟು ಮಳೆಯಾಯಿತು, ಈ ಹಂಗಾಮಿನಲ್ಲಿ ಈವರೆಗೆ ಎಷ್ಟಾಯಿತು ಎಂಬ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉತ್ತರ ಬೇರೆಲ್ಲೂ ಸಿಗುವುದಿಲ್ಲ. ‘ವರುಣ ಮಿತ್ರ’ ಎಂಬ ಅದರ ಹಗಲು ರಾತ್ರಿಯ ಸಹಾಯವಾಣಿಗೆ (92433 45433) ಕರೆ ಮಾಡಿ ಊರು, ಹೋಬಳಿ ಹೇಳಿದರೆ ಕನ್ನಡದಲ್ಲೇ ಮುನ್ಸೂಚನೆ ಕೇಳಬಹುದು. ಸ್ಮಾರ್ಟ್‌ಫೋನ್ ಇಲ್ಲದವರಿಗೆ, ಅಥವಾ ಇದ್ದೂ ಓದಲು ಕಷ್ಟಪಡುವ ಹಿರಿಯರಿಗೆ, ನಾನು ಮೊದಲು ಸೂಚಿಸುವುದು ಇದನ್ನೇ. ಪ್ರಶ್ನೆಗೆ ಮರುಪ್ರಶ್ನೆ ಹಾಕಬಲ್ಲ ಮನುಷ್ಯರೊಬ್ಬರು ಆ ತುದಿಯಲ್ಲಿರುವುದು ಸಣ್ಣ ಅನುಕೂಲವಲ್ಲ.

ಮೂರನೆಯ ಮೂಲವನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ಗ್ರಾಮೀಣ ಕೃಷಿ ಹವಾಮಾನ ಸೇವೆಯಡಿ ಬೆಂಗಳೂರಿನ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯದ ಆವರಣ), ಧಾರವಾಡ, ರಾಯಚೂರು, ಮೂಡಿಗೆರೆ, ಬ್ರಹ್ಮಾವರ ಮುಂತಾದೆಡೆಗಳ ಘಟಕಗಳು ಮಂಗಳವಾರ ಮತ್ತು ಶುಕ್ರವಾರ ಜಿಲ್ಲಾವಾರು ಕೃಷಿ ಸಲಹಾ ಪತ್ರ ಹೊರಡಿಸುತ್ತವೆ. ಮುಂದಿನ ಐದು ದಿನದ ಮಳೆ, ಉಷ್ಣಾಂಶ, ಆರ್ದ್ರತೆ, ಗಾಳಿಯ ಅಂಕಿಗಳ ಜೊತೆಗೆ, ಆ ಹವಾಮಾನಕ್ಕೆ ಆ ಜಿಲ್ಲೆಯ ಬೆಳೆಗೆ ಏನು ಮಾಡಬೇಕೆಂದು ಅವು ಹೇಳುತ್ತವೆ. 2019ರಲ್ಲಿ ಬಂದ ‘ಮೇಘದೂತ್’ ಆಪ್‌ನಲ್ಲಿ ಕನ್ನಡದಲ್ಲಿ ಓದಲು ಸಿಗುವುದು ಇದೇ ಸಲಹೆ. ಇದರ ಮಿತಿಯೂ ಸ್ಪಷ್ಟ: ವಾರಕ್ಕೆರಡೇ ಸಲ ಬರುವುದರಿಂದ ಶುಕ್ರವಾರದ ಸಲಹೆ ಸೋಮವಾರದ ಹೊತ್ತಿಗೆ ಹಳತಾಗಿರಬಹುದು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಇಟ್ಟಿದ್ದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು 2024ರಲ್ಲಿ ದೇಶದಾದ್ಯಂತ ನಿಲ್ಲಿಸಿದ್ದು ಈ ಸೇವೆಗೆ ದೊಡ್ಡ ಹೊಡೆತವೆಂದೇ ನಾನು ಎಣಿಸುತ್ತೇನೆ. ಸಲಹೆಯನ್ನು ತಾಲ್ಲೂಕಿನ ಹದಕ್ಕೆ ಇಳಿಸುತ್ತಿದ್ದವು ಅವು.

ಹೊಸದಾಗಿ ಸೇರಿರುವುದು ಗ್ರಾಮ ಪಂಚಾಯಿತಿ ಮಟ್ಟದ ಮುನ್ಸೂಚನೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಮತ್ತು ಹವಾಮಾನ ಇಲಾಖೆ ಸೇರಿ ಆರಂಭಿಸಿದ ಇದು ‘ಮೇರಿ ಪಂಚಾಯತ್’ ಆಪ್ ಮತ್ತು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಲಭ್ಯ. 2025ರ ಮೇ ತಿಂಗಳಲ್ಲಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ಅಭಿವೃದ್ಧಿಪಡಿಸಿದ ಭಾರತ್ ಮುನ್ಸೂಚನಾ ವ್ಯವಸ್ಥೆ ಬಳಕೆಗೆ ಬಂದು, ಮುನ್ಸೂಚನೆಯ ಲೆಕ್ಕಾಚಾರಕ್ಕೆ ನೆಲವನ್ನು ಹಂಚಿಕೊಳ್ಳುವ ಚೌಕದ ಬದಿ 12 ಕಿ.ಮೀ.ನಿಂದ 6 ಕಿ.ಮೀ.ಗೆ ಇಳಿಯಿತು. ನಮ್ಮ ರಾಜ್ಯದ ವಿಸ್ತೀರ್ಣವನ್ನು ಸುಮಾರು ಆರು ಸಾವಿರ ಪಂಚಾಯಿತಿಗಳಿಗೆ ಹಂಚಿದರೆ ಒಂದೊಂದಕ್ಕೆ ಮೂವತ್ತು ಚದರ ಕಿಲೋಮೀಟರ್‌ಗೆ ಚೂರು ಹೆಚ್ಚು ಬರುತ್ತದೆ. ಹೊಸ ಚೌಕವೂ ಸರಿಸುಮಾರು ಅಷ್ಟೇ ದೊಡ್ಡದು. ಆದರೆ ಚೌಕ ಚಿಕ್ಕದಾದ ಮಾತ್ರಕ್ಕೆ ಮುನ್ಸೂಚನೆ ನಿಖರವಾಗುವುದಿಲ್ಲ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಒಂದು ಊರಿನ ಕೆರೆ ತುಂಬಿಸಿ ಪಕ್ಕದ ಊರಿನ ಧೂಳನ್ನೂ ತೋಯಿಸದೆ ಹೋಗುವಂಥದ್ದು. ಪಂಚಾಯಿತಿಯ ಹೆಸರು ಪರದೆಯ ಮೇಲಿದೆ ಎಂದು ಅದನ್ನು ಕರಾರುವಾಕ್ಕೆಂದು ತಿಳಿಯಬೇಡಿ; ಪಕ್ಕದ ನಾಲ್ಕೈದು ಪಂಚಾಯಿತಿಗಳ ಸೂಚನೆಯನ್ನೂ ನೋಡಿ, ಎಲ್ಲೆಡೆ ಒಂದೇ ಮಾತಿದ್ದರೆ ಹೆಚ್ಚು ನಂಬಿ.

ಖಾಸಗಿ ಸೇವೆಗಳ ವಿಷಯ ಬೇಗ ಮುಗಿಸಬಹುದು. ಫೋನಿನ ಜೊತೆಗೇ ಬರುವ ಹವಾಮಾನದ ಚಿತ್ರ ನಗರದಲ್ಲಿ ಕೊಡೆ ಒಯ್ಯಬೇಕೇ ಎಂದು ತಿಳಿಯಲು ತಯಾರಾದದ್ದು; ಅದರ ‘ಶೇ 40’ ಎಂಬುದು ಮಳೆ ಬರುವ ಸಾಧ್ಯತೆಯನ್ನು ಹೇಳುತ್ತದೆಯೇ ಹೊರತು ಎಷ್ಟು ಬರುತ್ತದೆ ಎಂಬುದನ್ನಲ್ಲ. ‘ವಿಂಡಿ’ಯಂತಹ ನಕ್ಷೆಗಳಿಗೆ ಒಂದು ನಿಜವಾದ ಉಪಯೋಗವಿದೆ: ಹವಾಮಾನವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಐರೋಪ್ಯ ಕೇಂದ್ರದ ಮಾದರಿ ಮತ್ತು ಅಮೆರಿಕದ ಮಾದರಿಗಳನ್ನು ಒಂದೇ ಕಡೆ ತಿರುಗಿಸಿ ನೋಡಬಹುದು. ಎರಡೂ ಒಂದೇ ದಿನ ಒಂದೇ ಪ್ರದೇಶದಲ್ಲಿ ಮಳೆ ತೋರಿಸಿದರೆ ಭರವಸೆ ಹೆಚ್ಚು, ಬೇರೆ ಬೇರೆ ತೋರಿಸಿದರೆ ಯಾರ ಮಾತನ್ನೂ ಗಟ್ಟಿ ಮಾಡಿಕೊಳ್ಳದೆ ಒಂದು ದಿನ ಕಾಯುವುದು ಮೇಲು. ತೋಟದಲ್ಲೇ ಸಂವೇದಕ ನೆಟ್ಟು ಎಲೆಯ ತೇವ, ಮಣ್ಣಿನ ತೇವ ಅಳೆದು ರೋಗದ ಮುನ್ಸೂಚನೆ ಕೊಡುವ ಚಂದಾ ಸೇವೆಗಳು ದ್ರಾಕ್ಷಿ, ದಾಳಿಂಬೆಯಂತಹ, ಸಿಂಪಡಣೆಗೇ ದೊಡ್ಡ ಮೊತ್ತ ಹೋಗುವ ಬೆಳೆಗಳಿಗೆ ಹೊಂದಬಹುದು; ಮಳೆಯಾಶ್ರಿತ ರಾಗಿ, ಜೋಳಕ್ಕೆ ಆ ಖರ್ಚು ಹುಟ್ಟುವುದಿಲ್ಲ. ಇನ್ನು ಯಾರು ಬರೆದರೆಂದು ಗೊತ್ತಿಲ್ಲದ, ದಿನಾಂಕವಿಲ್ಲದ ‘ರೆಡ್ ಅಲರ್ಟ್’ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಪ್ರತಿ ಮಳೆಗಾಲ ಸುತ್ತುತ್ತವೆ. ಅವನ್ನು ಮೂಲವೆಂದೇ ಪರಿಗಣಿಸಬೇಕಾಗಿಲ್ಲ.

ಬಿತ್ತನೆ: ಎಲ್ಲಕ್ಕಿಂತ ಕಠಿಣ ನಿರ್ಧಾರ

ಮಳೆಯಾಶ್ರಿತ ರೈತರ ಪಾಲಿಗೆ ಹವಾಮಾನದ ದೊಡ್ಡ ವಿಕೋಪ ಸದ್ದಿಲ್ಲದೆ ಬರುತ್ತದೆ. ಮೊದಲ ಹದ ಮಳೆ ಬೀಳುತ್ತದೆ, ಊರೆಲ್ಲ ಬಿತ್ತುತ್ತದೆ, ಮೊಳಕೆ ಬಂದ ಮೇಲೆ ಇಪ್ಪತ್ತು ದಿನ ಮಳೆಯಿಲ್ಲ. ಬೀಜ, ಗೊಬ್ಬರ, ಕೂಲಿ ಎಲ್ಲ ಹೋದ ಮೇಲೆ ಮರುಬಿತ್ತನೆಗೆ ಸಾಲ. 2025ರಲ್ಲಿ ಮುಂಗಾರು ಕೇರಳವನ್ನು ಮೇ 24ರಂದೇ ಮುಟ್ಟಿತು. ವಾಡಿಕೆಯ ದಿನ ಜೂನ್ 1, ಅಷ್ಟು ಬೇಗ ಬಂದದ್ದು 2009ರ ನಂತರ ಅದೇ ಮೊದಲು. ಎರಡು ದಿನಗಳಲ್ಲಿ ಮುಂಬೈಯನ್ನೂ ತಲುಪಿದ ಅದರ ಮುನ್ನಡೆ ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ನಿಂತುಬಿಟ್ಟಿತು. ಬಂದ ದಿನಾಂಕವನ್ನಷ್ಟೇ ನೋಡಿ ಬಿತ್ತುವುದು ಎಷ್ಟು ಅಪಾಯವೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ವರ್ಷ ಹತ್ತಿರದಲ್ಲಿಲ್ಲ.

ಅದೇ ವರ್ಷ ಕೇಂದ್ರ ಕೃಷಿ ಸಚಿವಾಲಯ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ಬಳಸಿ ಸಿದ್ಧಪಡಿಸಿದ ಮುಂಗಾರು ಆಗಮನದ ಮುನ್ಸೂಚನೆಯನ್ನು ಎಸ್ಸೆಮ್ಮೆಸ್ ಮೂಲಕ ಕಳುಹಿಸಿತು. ನಾಲ್ಕು ವಾರಗಳವರೆಗಿನ ಈ ಮುನ್ಸೂಚನೆ ನಡುವಿನ ವಿರಾಮವನ್ನೂ ಮುಂಚಿತವಾಗಿ ಹಿಡಿದಿತ್ತೆಂದು ಸಚಿವಾಲಯ ಹೇಳಿಕೊಂಡಿತು. ಒಂದು ವರ್ಷದ ಯಶಸ್ಸಿನ ಮೇಲೆ ತೀರ್ಪು ಕೊಡುವುದು ಅವಸರವಾದೀತು. ಆದರೂ ದೇಶದ ಸರಾಸರಿಯನ್ನು ಬಿಟ್ಟು, ನಿಮ್ಮ ಪ್ರದೇಶದಲ್ಲಿ ನಿರಂತರ ಮಳೆ ಯಾವ ವಾರದಿಂದ ಎಂಬ ಪ್ರಶ್ನೆಗೆ ಇಳಿದದ್ದು ಸರಿಯಾದ ದಿಕ್ಕಿನ ಹೆಜ್ಜೆ.

ಬಿತ್ತನೆಗೆ ನಾನು ಸೂಚಿಸುವ ಕ್ರಮ ಹೀಗಿದೆ. ಗುರುವಾರದ ವಿಸ್ತೃತ ಮುನ್ಸೂಚನೆಯಲ್ಲಿ ಮುಂದಿನ ಎರಡು ವಾರ ವಾಡಿಕೆಗಿಂತ ಕಡಿಮೆ ಎಂದಿದ್ದರೆ, ಹದ ಮಳೆ ಬಿದ್ದಿದ್ದರೂ ಇಡೀ ಹೊಲ ಬಿತ್ತದೆ ಒಂದು ಭಾಗಕ್ಕೆ ಮಾತ್ರ ಕೂರಿಗೆ ಹೂಡಿ. ಎರಡೂ ವಾರ ವಾಡಿಕೆ ಅಥವಾ ಹೆಚ್ಚು ಎಂದಿದ್ದು, ಐದು ದಿನದ ಮುನ್ಸೂಚನೆಯಲ್ಲೂ ಮಳೆಯಿದ್ದರೆ ಹಿಂಜರಿಕೆ ಬೇಡ. ಇವೆರಡರಲ್ಲಿ ಒಂದು ಹೌದು, ಇನ್ನೊಂದು ಇಲ್ಲ ಎಂದಾಗ ಮಣ್ಣು ನಿರ್ಧರಿಸಲಿ: ತೇವ ಹಿಡಿದಿಟ್ಟುಕೊಳ್ಳುವ ಎರೆಭೂಮಿಯವರು ಕೆಂಪು ಮಣ್ಣಿನವರಿಗಿಂತ ಹೆಚ್ಚು ದಿನದ ಒಣ ಹವೆಯನ್ನು ತಾಳಿಕೊಳ್ಳಬಲ್ಲರು.

ಎಷ್ಟು ಸಾಧ್ಯತೆಯಿದ್ದರೆ ನಂಬಬಹುದು ಎಂಬುದಕ್ಕೂ ಒಂದು ಲೆಕ್ಕವಿದೆ. ಮುಂದಿನ ಅಂಕಿಗಳು ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡವು. ನಿಮ್ಮ ಅಂಕಿ ಹಾಕಿಕೊಳ್ಳಿ. ಎಕರೆ ಶೇಂಗಾ ಬಿತ್ತಿ ಮಳೆ ಕೈಕೊಟ್ಟರೆ ₹12,000 ನಷ್ಟವೆನ್ನಿ. ಬಿತ್ತದೆ ಕಾದು, ಮಳೆ ನಿಜವಾಗಿಯೂ ಮುಂದುವರಿದರೆ ತಡವಾದ ಬಿತ್ತನೆಯಿಂದ ಇಳುವರಿ ಇಳಿದು ₹4,000 ನಷ್ಟವೆನ್ನಿ. ಹಾಗಿದ್ದರೆ ಮಳೆ ಮುಂದುವರಿಯುವ ಸಾಧ್ಯತೆ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚಿದ್ದರೆ ಮಾತ್ರ ಬಿತ್ತುವುದು ಲಾಭ. ಈಗ ರಾಗಿ ಕೊಯ್ಲಿಗೆ ಬನ್ನಿ. ಕೊಯ್ದ ತೆನೆಗೆ ಟಾರ್ಪಾಲು ಹೊದಿಸಲು, ಬೇಗ ಮೆದೆ ಹಾಕಲು ಹೆಚ್ಚುವರಿ ಕೂಲಿ ₹1,500. ನೆನೆದರೆ ಹೋಗುವುದು ₹15,000. ಇಲ್ಲಿ ಮಳೆಯ ಸಾಧ್ಯತೆ ಹತ್ತರಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಸಾಕು, ಖರ್ಚು ಮಾಡುವುದೇ ಸರಿ. ಒಂದೇ ಆಪ್‌ನ ಒಂದೇ ‘ಶೇ 30’ ಒಂದು ಕೆಲಸಕ್ಕೆ ಸಾಲದು, ಇನ್ನೊಂದಕ್ಕೆ ಬೇಕಾದಷ್ಟಾಯಿತು. ಹತ್ತು ಸಲ ಟಾರ್ಪಾಲು ಹಾಸಿ ಒಂಬತ್ತು ಸಲ ಮಳೆ ಬರದಿದ್ದರೆ ಮುನ್ಸೂಚನೆ ಸುಳ್ಳೆಂದು ಸಿಟ್ಟಾಗುವ ಬದಲು, ಹತ್ತನೆಯದರಲ್ಲಿ ಉಳಿದದ್ದೆಷ್ಟೆಂದು ಎಣಿಸಬೇಕು.

ಸಿಂಪಡಣೆ, ಕೊಯ್ಲು, ಒಣಗಿಸುವಿಕೆ

ಮಲೆನಾಡು ಮತ್ತು ಕರಾವಳಿಯ ಅಡಿಕೆ ಬೆಳೆಗಾರರಿಗೆ ಕೊಳೆರೋಗವೇ ಮಳೆಗಾಲದ ವಿಕೋಪ. ಮುಂಗಾರು ಹಿಡಿಯುವ ಮುನ್ನ ಶೇ 1ರ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ, 40–45 ದಿನಗಳ ನಂತರ ಎರಡನೆಯದು ಎಂಬುದು ರೂಢಿ. ಮೊದಲನೆಯದಕ್ಕೆ ಏಳು ದಿನದ ಮುನ್ಸೂಚನೆಯಿಂದ ಕೊನೆಗೌಡರನ್ನು ಗೊತ್ತುಮಾಡಿಕೊಳ್ಳಬೇಕು, ಏಕೆಂದರೆ ಮರ ಹತ್ತುವವರು ಬೇಕೆಂದ ದಿನ ಸಿಗುವುದಿಲ್ಲ. ಎರಡನೆಯದು ಜುಲೈ–ಆಗಸ್ಟ್‌ನ ಜಡಿಮಳೆಯ ನಡುವೆ ಬರುವುದರಿಂದ ಅಲ್ಲಿ ಬೇಕಾದದ್ದು ಹೊಳವಾಗುವ ಅರ್ಧ ದಿನದ ಸೂಚನೆ. ಕರಾವಳಿಗೆ ‘ಬಹುತೇಕ ಕಡೆ ಮಳೆ’ ಎಂಬ ಪ್ರಕಟಣೆ ಆ ದಿನಗಳಲ್ಲಿ ಪ್ರತಿದಿನವೂ ಇರುತ್ತದೆ, ಹಾಗಾಗಿ ಅದರಿಂದ ಏನೂ ತಿಳಿಯುವುದಿಲ್ಲ. ಬೆಳಿಗ್ಗೆ ಉಪಗ್ರಹ ಚಿತ್ರ ಹಾಗೂ ಮೂರು ಗಂಟೆಯ ಸೂಚನೆ ನೋಡಿ ಅಂದೇ ನಿರ್ಧರಿಸುವುದು ಹೆಚ್ಚು ಫಲ ಕೊಡುತ್ತದೆ.

ಕೊಯ್ಲಿನ ವಿಷಯದಲ್ಲಿ ಮುನ್ಸೂಚನೆ ತನ್ನ ಬೆಲೆಯನ್ನು ಬೇಗ ತೀರಿಸುತ್ತದೆ. 2021ರ ನವೆಂಬರ್‌ನ ಅಕಾಲಿಕ ಮಳೆಯಲ್ಲಿ ದಕ್ಷಿಣ ಒಳನಾಡಿನ ರಾಗಿ ತೆನೆಯಲ್ಲೇ ಮೊಳೆಯಿತು, ಮಲೆನಾಡಿನಲ್ಲಿ ಹಣ್ಣಾದ ಕಾಫಿ ಉದುರಿತು, ಕಣದಲ್ಲಿದ್ದದ್ದು ಒಣಗಲಿಲ್ಲ. ಅಂಥ ಮಳೆಗೆ ಕಾರಣವಾಗುವ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳನ್ನು ಈಗ ಮೂರು ನಾಲ್ಕು ದಿನ ಮೊದಲೇ ಹಿಡಿಯಬಹುದು. ಅಷ್ಟರಲ್ಲಿ ಕೊಯ್ಲು ಮುಂದಕ್ಕೆ ಹಾಕಬಹುದು ಅಥವಾ ಕೊಯ್ದದ್ದನ್ನು ಒಳಗೆ ತರಬಹುದು. ಆದ್ದರಿಂದ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇಲಾಖೆಯ ಜಿಲ್ಲಾ ಎಚ್ಚರಿಕೆಯೇ ಮುಖ್ಯ ಮೂಲವಾಗಬೇಕು. ವಿಜಯಪುರದ ಒಣದ್ರಾಕ್ಷಿ ತಯಾರಕರ ಕಷ್ಟ ಬೇರೆ. ಮಾರ್ಚ್–ಏಪ್ರಿಲ್‌ನ ಗುಡುಗು ಮಳೆ, ಆಲಿಕಲ್ಲು ಬರುವುದು ಮಧ್ಯಾಹ್ನ ಎದ್ದ ಒಂದು ಮೋಡದಿಂದ. ಎರಡು ದಿನ ಮುಂಚೆ ಹೇಳಬಹುದಾದದ್ದು ‘ಒಂದೆರಡು ಕಡೆ’ ಎಂದಷ್ಟೇ. ಅಲ್ಲಿ ಶೆಡ್ಡಿನ ಪರದೆ ಇಳಿಸುವ ಸಿದ್ಧತೆಯನ್ನು ಆ ಎರಡು ತಿಂಗಳು ಯಾವಾಗಲೂ ಇಟ್ಟುಕೊಂಡು, ಇಳಿಸುವ ನಿರ್ಧಾರವನ್ನು ಮಾತ್ರ ತತ್‌ಕ್ಷಣದ ಸೂಚನೆಗೆ ಬಿಡಬೇಕು. ಕಲಬುರಗಿಯ ತೊಗರಿ ಹೂ ಕಟ್ಟುವ ಹೊತ್ತಿನ ಮೋಡ, ಮಂಜಿಗೆ ಮಳೆಯ ಅಂಕಿಯಿಂದ ಪ್ರಯೋಜನವಿಲ್ಲ. ಕಾಯಿಕೊರಕದ ಬಗ್ಗೆ ರಾಯಚೂರು ವಿಶ್ವವಿದ್ಯಾಲಯದ ಸಲಹಾ ಪತ್ರ ಏನು ಹೇಳುತ್ತದೆಂದು ನೋಡಬೇಕು.

ನೆರೆಗೂ ಸಿಡಿಲಿಗೂ ಬೇರೆ ದಾರಿ

ಭೀಮಾ ಮತ್ತು ಕೃಷ್ಣಾ ದಂಡೆಯ ರೈತರು ತಮ್ಮ ಊರಿನ ಮಳೆ ಮುನ್ಸೂಚನೆಯನ್ನಷ್ಟೇ ನೋಡುತ್ತಾ ಕೂತರೆ ನೆರೆ ಬಂದದ್ದು ಗೊತ್ತಾಗುವುದು ನೀರು ಹೊಲಕ್ಕೆ ನುಗ್ಗಿದಾಗಲೇ. 2025ರ ಸೆಪ್ಟೆಂಬರ್‌ನಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿ ಜಿಲ್ಲೆಗಳ ಭೀಮಾ ತೀರ ಮುಳುಗಿದ್ದಕ್ಕೆ ಮಹಾರಾಷ್ಟ್ರದ ಮಳೆ, ಉಜನಿ ಜಲಾಶಯ ಹಾಗೂ ಸೀನಾ ನದಿಯ ಕಡೆಯಿಂದ ಬಂದ ನೀರು ದೊಡ್ಡ ಕಾರಣ. ಇಲ್ಲಿ ನೋಡಬೇಕಾದದ್ದು ಮೇಲಿನ ಜಲಾಶಯಗಳ ಹೊರಹರಿವು ಮತ್ತು ಕೇಂದ್ರ ಜಲ ಆಯೋಗದ ನದಿ ಮಟ್ಟದ ಮುನ್ಸೂಚನೆ. ಆಯೋಗ 2023ರಲ್ಲಿ ಹೊರತಂದ ‘ಫ್ಲಡ್‌ವಾಚ್ ಇಂಡಿಯಾ’ ಆಪ್‌ನಲ್ಲಿ ಕೇಂದ್ರವಾರು ಮಟ್ಟ ಕಾಣುತ್ತದೆ. ಕೃಷ್ಣೆಗೆ ಕೊಯ್ನಾ, ಭೀಮೆಗೆ ಉಜನಿ ಎಂದು ನೆನಪಿಟ್ಟುಕೊಂಡರೆ ಆರಂಭಕ್ಕೆ ಸಾಕು. ಹೊರಹರಿವು ಏರಿದ ಸುದ್ದಿಗೂ ನೀರು ದಂಡೆ ಮೀರುವುದಕ್ಕೂ ನಡುವೆ ಸಿಗುವ ಸಮಯದಲ್ಲಿ ಬೆಳೆ ಉಳಿಸಲಾಗದಿದ್ದರೂ ಪಂಪ್‌ಸೆಟ್, ಪೈಪು, ದನಕರು, ಮೇವನ್ನು ಎತ್ತರಕ್ಕೆ ಸಾಗಿಸಬಹುದು.

ಸಿಡಿಲಿಗೆ ನಿಮಿಷಗಳ ಲೆಕ್ಕ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆಪ್ ನೀವಿರುವ ಜಾಗದ ಸುತ್ತ 20ರಿಂದ 40 ಕಿ.ಮೀ. ವ್ಯಾಪ್ತಿಯಲ್ಲಿ ಸಿಡಿಲಿನ ಚಟುವಟಿಕೆ ಕಂಡಾಗ ಎಚ್ಚರಿಸುತ್ತದೆ. ರಾಜ್ಯದ ವಿಕೋಪ ಕೇಂದ್ರದ ‘ಸಿಡಿಲು’ ಆಪ್ ಕೂಡ ಇದಕ್ಕಾಗಿಯೇ ಇರುವುದು. ಫೋನು ಮನೆಯಲ್ಲಿ ಬಿಟ್ಟು ಹೊಲಕ್ಕೆ ಹೋದವರಿಗೆ ಇವೆರಡರಿಂದಲೂ ಪ್ರಯೋಜನವಿಲ್ಲ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸುವುದರೊಳಗೆ ಸದ್ದು ಕೇಳಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ, ಕೂಡಲೇ ಮರದಡಿ ಬಿಟ್ಟು ಪಕ್ಕಾ ಕಟ್ಟಡ ಸೇರಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬಾರದು.

ಪಂಚಾಂಗದ ಮಳೆ ಎಲ್ಲಿಗೆ ಸೇರಬೇಕು

ರೋಹಿಣಿ ಮಳೆಗೆ ಓಣಿ ತುಂಬ ಜೋಳ ಎಂಬ ಮಾತನ್ನು ಉತ್ತರ ಕರ್ನಾಟಕದಲ್ಲಿ ಇಂದಿಗೂ ಹೇಳುತ್ತಾರೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು, ಹದಿನಾಲ್ಕು ದಿನಗಳನ್ನು ಒಂದು ಮಳೆಯೆಂದು ಎಣಿಸುವ ಈ ಪದ್ಧತಿ ಸೌರ ಕ್ಯಾಲೆಂಡರನ್ನು ಆಧರಿಸಿದ್ದರಿಂದ, ಯಾವ ಬೆಳೆಗೆ ಸಾಮಾನ್ಯವಾಗಿ ಯಾವ ಹೊತ್ತು ಎಂಬ ತಲೆಮಾರುಗಳ ಅನುಭವ ಅದರಲ್ಲಿ ಅಡಕವಾಗಿದೆ. ವಾಡಿಕೆ ತಿಳಿಯಲು ಅದು ಒಳ್ಳೆಯದು, ಮತ್ತು ಆರಿದ್ರಾದೊಳಗೆ ಶೇಂಗಾ, ಹಸ್ತ–ಚಿತ್ತೆಗೆ ಹಿಂಗಾರಿ ಎಂಬಂಥ ಮಾತನ್ನು ಅಂಕಿಯ ಪಟ್ಟಿಗಿಂತ ಸುಲಭವಾಗಿ ನೆನಪಿಡಬಹುದು. ಆದರೆ ಈ ವರ್ಷದ ಮಖೆ ಮಳೆ ಸುರಿಯುತ್ತದೆಯೇ ಎಂದು ಅದು ಹೇಳಲಾರದು. ಪಂಚಾಂಗದ ‘ಇಷ್ಟು ಕೊಳಗ ಮಳೆ’ ಎಂಬ ಫಲವನ್ನು ಓದುವುದು ಯುಗಾದಿಯ ದಿನದ ಸಂತೋಷಕ್ಕಿರಲಿ, ಬೀಜದ ಖರೀದಿಗೆ ಬೇಡ. ಹಳೆಯ ವಾಡಿಕೆಯೂ ಈಗ ಅಲ್ಲಲ್ಲಿ ಜಾರುತ್ತಿರುವುದರಿಂದ ಗುರುವಾರದ ಮುನ್ಸೂಚನೆಯ ಜೊತೆ ಇಟ್ಟು ಓದುವುದು ಕ್ಷೇಮ.

ಮುನ್ಸೂಚನೆ ಕೈಬಿಟ್ಟಲ್ಲಿ ವಿಮೆ, ಮತ್ತು ಅದಕ್ಕೂ ಬೇಕಾದ ಮಳೆ ಲೆಕ್ಕ

ಬರ, ಆಲಿಕಲ್ಲಿನಂತಹ ಕೆಲವು ನಷ್ಟಗಳನ್ನು ಎಷ್ಟು ಮುಂಚೆ ತಿಳಿದರೂ ತಡೆಯಲಾಗದು. ಅಲ್ಲಿ ಎರಡು ವಿಮೆಗಳ ನಡುವಿನ ವ್ಯತ್ಯಾಸ ತಿಳಿದಿರಬೇಕು. 2016ರಿಂದ ಇರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತರ ಪಾಲಿನ ಕಂತು ಮುಂಗಾರು ಆಹಾರ ಹಾಗೂ ಎಣ್ಣೆಕಾಳು ಬೆಳೆಗಳಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ಪರಿಹಾರವನ್ನು ಬೆಳೆ ಕಟಾವು ಪ್ರಯೋಗದ (ಆಯ್ದ ಹೊಲಗಳಲ್ಲಿ ಕೊಯ್ದು ತೂಗಿ ನೋಡುವ) ಇಳುವರಿಯಿಂದ ಲೆಕ್ಕ ಹಾಕುತ್ತಾರೆ. ಆಲಿಕಲ್ಲಿನಂತಹ ಸ್ಥಳೀಯ ವಿಕೋಪಕ್ಕೆ, ಮತ್ತು ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆ ಹದಿನಾಲ್ಕು ದಿನದೊಳಗೆ ಅಕಾಲಿಕ ಮಳೆಗೆ ಹಾಳಾದರೆ, 72 ಗಂಟೆಯೊಳಗೆ ದೂರು ದಾಖಲಿಸಬೇಕು. 14447 ಸಂಖ್ಯೆಗೆ ಕರೆ ಮಾಡಬಹುದು. ಅಡಿಕೆ, ಕಾಳುಮೆಣಸು, ದಾಳಿಂಬೆ, ಮಾವಿನಂತಹ ತೋಟದ ಬೆಳೆಗಳಿಗಿರುವ ಹವಾಮಾನ ಆಧಾರಿತ ವಿಮೆಯಲ್ಲಿ ರೈತರ ಕಂತು ಶೇ 5. ಅದರಲ್ಲಿ ನಿಮ್ಮ ತೋಟವನ್ನು ಯಾರೂ ಬಂದು ನೋಡುವುದಿಲ್ಲ. ನಿಗದಿತ ಅವಧಿಯಲ್ಲಿ ನಿಮ್ಮ ಪಂಚಾಯಿತಿಯ ಮಳೆಮಾಪಕ ದಾಖಲಿಸಿದ ಮಳೆ ನಿಗದಿತ ಮಟ್ಟಕ್ಕಿಂತ ಹೆಚ್ಚಾದರೆ ಅಥವಾ ಕಡಿಮೆಯಾದರೆ ಪರಿಹಾರ ತಾನಾಗಿ ಬರುತ್ತದೆ. ಬೇಗ ಇತ್ಯರ್ಥವಾಗುವುದು ಇದರ ಗುಣ. ಮಾಪಕ ಕೆಟ್ಟಿದ್ದರೆ, ಅಥವಾ ಮಾಪಕವಿರುವ ಊರಿಗೂ ನಿಮ್ಮ ತೋಟಕ್ಕೂ ನಡುವೆ ಗುಡ್ಡವಿದ್ದರೆ, ನಷ್ಟವಾಗಿಯೂ ಪರಿಹಾರ ಬರದಿರುವುದು ಇದರ ದೋಷ.

ಈ ಕಾರಣಕ್ಕೆ ಸ್ವಂತ ಮಳೆಮಾಪಕ ಇಟ್ಟುಕೊಳ್ಳುವುದನ್ನು ಯಾವ ಆಪ್‌ಗಿಂತಲೂ ಮೊದಲು ಸೂಚಿಸುತ್ತೇನೆ. ಮರ, ಗೋಡೆಗಳಿಂದ ದೂರ, ಬಯಲಿನಲ್ಲಿ ಸಾದಾ ಮಾಪಕ ನೆಟ್ಟು ಬೆಳಿಗ್ಗೆ 8.30ಕ್ಕೆ ಅಳೆದು ಬರೆದಿಟ್ಟರೆ ಅದು ವಿಕೋಪ ಕೇಂದ್ರದ ಅಂಕಿಯೊಂದಿಗೆ ನೇರವಾಗಿ ಹೋಲಿಸಲು ಬರುತ್ತದೆ. ಒಂದು ಮಿಲಿಮೀಟರ್ ಮಳೆ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು ಎಂಬ ಲೆಕ್ಕದಿಂದ ನೀರಾವರಿಯನ್ನೂ ಕಡಿತಗೊಳಿಸಬಹುದು. ಅದೇ ಪುಸ್ತಕದ ಪಕ್ಕದ ಕಾಲಂನಲ್ಲಿ ನೀವು ನೋಡುವ ಎರಡು ಮೂಲಗಳು ಹಿಂದಿನ ದಿನ ಏನು ಹೇಳಿದ್ದವೆಂದು ಗುರುತು ಹಾಕಿ: ಹೇಳಿ ಬಂದದ್ದು, ಹೇಳಿ ಬಾರದ್ದು, ಹೇಳದೆ ಬಂದದ್ದು. 2.5 ಮಿ.ಮೀ.ಗಿಂತ ಕಡಿಮೆಯನ್ನು ಮಳೆ ದಿನವೆಂದು ಎಣಿಸಬೇಡಿ, ಇಲಾಖೆಯೂ ಎಣಿಸುವುದಿಲ್ಲ. ಒಂದು ಹಂಗಾಮು ಮುಗಿಯುವಷ್ಟರಲ್ಲಿ ನಿಮ್ಮ ಊರಿಗೆ ಯಾವ ಮೂಲ ಹೆಚ್ಚು ಹೊಂದುತ್ತದೆಂದು ಆ ಪುಟಗಳೇ ತೋರಿಸುತ್ತವೆ. ಕೊಯ್ಲಿನವರು ‘ಹೇಳದೆ ಬಂದದ್ದು’ ಕಡಿಮೆಯಿರುವ ಮೂಲವನ್ನೂ, ಬಿತ್ತನೆಯವರು ‘ಹೇಳಿ ಬಾರದ್ದು’ ಕಡಿಮೆಯಿರುವುದನ್ನೂ ಆರಿಸಿಕೊಳ್ಳಬೇಕು. ಜೊತೆಗೆ ಮೇ ತಿಂಗಳಲ್ಲೊಮ್ಮೆ ಪಂಚಾಯಿತಿಯ ಮಳೆಮಾಪಕವನ್ನು ಹೋಗಿ ನೋಡಿ ಬನ್ನಿ. ಅದರ ಮೇಲೆ ಕೊಂಬೆ ಚಾಚಿದ್ದರೆ, ಬಾಯಿಗೆ ಎಲೆ ಕಟ್ಟಿದ್ದರೆ, ಸೌರ ಫಲಕ ಒಡೆದಿದ್ದರೆ ಫೋಟೊ ಸಹಿತ ಪಂಚಾಯಿತಿಗೂ ಕೃಷಿ ಅಥವಾ ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೂ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದು ವಿಮಾ ರಸೀದಿಯ ಜೊತೆ ಇಟ್ಟುಕೊಳ್ಳಿ. ಹಂಗಾಮು ಮುಗಿದ ಮೇಲೆ ಕೊಟ್ಟ ದೂರಿಗೆ ಅಷ್ಟು ತೂಕ ಇರುವುದಿಲ್ಲ.